ಅಜ್ಜಿಗೆ ಕೋಪ ಬರುತ್ತಿರಲಿಲ್ಲವೇ?

ನಮಸ್ಕಾರ. ನಿಮ್ಮ ಕಾಗದ, ಜೊತೆಗಿಟ್ಟಿದ್ದ ಲೇಖನ ಎರಡನ್ನೂ ಓದಿದೆ. ಈಚೆಗೆ ತೀರಿಕೊಂಡ ನಿಮ್ಮಜ್ಜಿಯ ಬಗ್ಗೆ ಬರೆದು, ಕೊನೆಗೆ ಕೇಳಿದ್ದೀರಿ: "ನಮ್ಮಜ್ಜಿ ದೊಡ್ಡ ಸಾಧಕಿ ಏನಲ್ಲ. ಅಡುಗೆಮನೆ, ಕೊಟ್ಟಿಗೆ, ದೇವರಮನೆ, ಇಷ್ಟೇ ಅವರ ಲೋಕ. ಇಂಥವರ ಬಗ್ಗೆ ಪತ್ರಿಕೆಯಲ್ಲಿ ಹಾಕ್ತೀರಾ?"

ಹಾಕ್ತೀವಿ. ಆದರೆ ಈ ಲೇಖನವನ್ನಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಲೇಖನದ ತುಂಬಾ ಅಜ್ಜಿ 'ತ್ಯಾಗಮಯಿ', 'ಕರುಣಾಮಯಿ', 'ದೈವಭಕ್ತೆ'. ಯಾರ ಅಜ್ಜಿಗೆ ಬೇಕಾದರೂ ಒಪ್ಪುವ ಮಾತು ಇವು, ಅಲ್ವಾ? ನಿಮ್ಮಜ್ಜಿ ನನಗೆ ಸಿಕ್ಕಿದ್ದು ಕಾಗದದ ತುದಿಯಲ್ಲಿ ನೀವು ಸುಮ್ನೆ ಸೇರಿಸಿದ ನಾಲ್ಕು ಸಾಲಿನಲ್ಲಿ. ಪಕ್ಕದ ಮನೆಯವರು ರಾಗಿಹಿಟ್ಟು ಕೇಳಿಕೊಂಡು ಬಂದರೆ ಪಾವು ತುಂಬಿಸಿ, ಮೇಲೊಂದು ಹಿಡಿ ಹಾಕುತ್ತಿದ್ದರು. ಅವರು ವಾಪಸ್ ತಂದಾಗ ಮಾತ್ರ ಅಳೆಯದೆ ಡಬ್ಬಿಗೆ ಸುರಿದುಕೊಳ್ಳುತ್ತಿದ್ದರು. ಏಕಾದಶಿ ದಿನ ತಾವು ಉಪವಾಸ ಇದ್ದು, ಹೊಲದ ಕೂಲಿಯವರಿಗೆ ಬಿಸಿ ಮುದ್ದೆ ಕಟ್ಟಿ ಕಳಿಸುತ್ತಿದ್ದರು. ಇದನ್ನು ಓದಿದ ಮೇಲೆ ಕರುಣಾಮಯಿ ಅಂತ ಬೇರೆ ಹೇಳಬೇಕೇ?

ಇನ್ನು ಸಾಧಕಿ ವಿಷಯ. ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ಕೇಳಿರುತ್ತೀರಿ. ಓದು ಬರಹ ಕಲಿತವರಲ್ಲ. 15 ಸಾವಿರ ಹೆರಿಗೆ ಮಾಡಿಸಿದರು ಅನ್ನುತ್ತಾರೆ, ಅದೂ ದುಡ್ಡು ತೆಗೆದುಕೊಳ್ಳದೆ. ಎಪ್ಪತ್ತು ವರ್ಷಕ್ಕೆ ಹಂಚಿದರೂ ವಾರಕ್ಕೆ ನಾಲ್ಕು ಬೀಳುತ್ತದೆ. ಸ್ವತಃ ಹನ್ನೆರಡು ಹೆತ್ತವರು ಬೇರೆ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಪ್ರಶಸ್ತಿಗಳೆಲ್ಲ ಬಂದಿದ್ದು ತೀರಾ ಕೊನೆಗೆ. ಅಲ್ಲಿಯವರೆಗೆ ಅವರೂ ಹೆರಿಗೆ ನೋವು ಶುರುವಾದರೆ ಊರವರು ಹೋಗಿ ಕರೆತರುವ ಅಜ್ಜಿ, ಅಷ್ಟೇ.

ನನಗೆ ಇನ್ನೂ ಮುಖ್ಯ ಅನ್ನಿಸುವುದು ಬೇರೆಯೇ. ನರಸಮ್ಮನವರಿಗೆ ಈ ಕೆಲಸ ಕಲಿಸಿದ್ದು ಅವರ ಅಜ್ಜಿ ಮರಿಗೆಮ್ಮ. ನರಸಮ್ಮನವರ ಐದು ಹೆರಿಗೆಗೆ ನೆರವಾದವರೂ ಅವರೇ. ಆ ಅಜ್ಜಿಗೆ ಪದ್ಮಶ್ರೀಯೂ ಇಲ್ಲ, ಡಾಕ್ಟರೇಟೂ ಇಲ್ಲ. ಆದರೂ ಅವರ ಹೆಸರು ಇವತ್ತು ನಮಗೆ ಗೊತ್ತಿದೆ. ಮೊಮ್ಮಗಳು ಹೇಳಿದರು, ಅದಕ್ಕೆ.

ಹಾಗಾಗಿ ಇನ್ನೊಂದು ಸಲ ಬರೆಯಿರಿ. ಮನೆಯವರನ್ನಷ್ಟೇ ಕೇಳಬೇಡಿ, ಹಿಟ್ಟು ಇಸ್ಕೊಂಡು ಹೋಗುತ್ತಿದ್ದ ಪಕ್ಕದ ಮನೆಯವರನ್ನು ಕೇಳಿ. ಮುದ್ದೆ ಉಂಡ ಕೂಲಿಯವರು ಊರಲ್ಲಿದ್ದರೆ ಅವರನ್ನೂ ಕೇಳಿ. ನಿಮಗೆ ಗೊತ್ತಿಲ್ಲದ್ದು ಜಾಸ್ತಿ ಇರುವುದು ಅವರ ಹತ್ತಿರವೇ. ಹಾಗೇ, ಅಜ್ಜಿಗೆ ಒಂದು ದಿನವೂ ಕೋಪ ಬರಲಿಲ್ಲ ಅಂತ ಬರೆದಿದ್ದೀರಲ್ಲ, ಅದನ್ನು ನಂಬೋದು ಕಷ್ಟ! ಎಂಟು ಮಕ್ಕಳನ್ನು ಸಾಕಿದವರು. ಯಾರನ್ನು, ಯಾತಕ್ಕೆ ಬೈಯುತ್ತಿದ್ದರು ಅನ್ನೋದನ್ನೂ ಬರೆಯಿರಿ. ಅವರ ಬೈಗುಳ ನೆನಪಿದ್ದರೆ ಹಾಗೆಯೇ ಹಾಕಿ, ತಿದ್ದಬೇಡಿ. ತಿದ್ದುವಂಥದ್ದಿದ್ದರೆ ನಾವು ನೋಡಿಕೊಳ್ಳುತ್ತೇವೆ.

ಒಳ್ಳೆ ಫೋಟೊ ಇಲ್ಲ ಅಂದಿದ್ದೀರಿ. ಯಾರದಾದರೂ ಮದುವೆಯ ಗುಂಪಿನ ಫೋಟೊ ಇದ್ದರೂ ಸಾಕು. ಅದರಲ್ಲಿ ಅಜ್ಜಿ ಯಾರು ಅಂತ ಹಿಂದುಗಡೆ ಪೆನ್ಸಿಲ್‌ನಲ್ಲಿ ಬರೆದು ಕಳಿಸಿ. ಪೆನ್ನಿನಲ್ಲಿ ಬೇಡ, ಒತ್ತಿ ಬರೆದರೆ ಮುಖದ ಮೇಲೆ ಗೆರೆ ಮೂಡುತ್ತದೆ.

-ಸಂ.