ವಿಚಿತ್ರ ಡೆಮೊಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು: ಮಂಡ್ಯದ ಗೆಳೆಯರ ಪ್ರಶ್ನೆಗೆ ಉತ್ತರ

ನಮಸ್ಕಾರ. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್, ಬರಲಿರುವ ಆಟಗಳ ಡೆಮೊಗಳಿಗೆಂದೇ ನಡೆಸುವ ನೆಕ್ಸ್ಟ್ ಫೆಸ್ಟ್‌ನ ವಾರದಲ್ಲಿ ಒಂಬತ್ತು ಇಂಡಿ ಆಟಗಳ (ಸಣ್ಣ ತಂಡಗಳು ಸ್ವತಂತ್ರವಾಗಿ ಮಾಡಿದ ಆಟಗಳ) ಡೆಮೊ, ಅಂದರೆ ಉಚಿತ ಮಾದರಿ, ಇಳಿಸಿಕೊಂಡು, ಒಂದೊಂದನ್ನೂ ಹತ್ತು ನಿಮಿಷ ಆಡಿ, ಆರನ್ನು ಅಳಿಸಿಬಿಟ್ಟಿರುವುದಾಗಿ ಬರೆದಿದ್ದೀರಿ. ಎಲ್ಲವೂ ವಿಚಿತ್ರವಾಗಿಯೇ ಇವೆ, ಆದರೆ ಯಾವುದು ಒಳ್ಳೆಯದೆಂದು ತಿಳಿಯುತ್ತಿಲ್ಲ, ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಬಿಟ್ಟರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಹಣ ಕೊಟ್ಟರೂ ಒಂದು ಆಟಕ್ಕೆ ಮಾತ್ರ ಕೊಡಬಲ್ಲೆ ಎಂಬುದು ನಿಮ್ಮ ಪ್ರಶ್ನೆ. ಮೈಸೂರಿನಲ್ಲಿ ಕುಳಿತು ಹೆಚ್ಚುಕಡಿಮೆ ಅಂಥದೇ ಲ್ಯಾಪ್‌ಟಾಪ್‌ನಲ್ಲಿ ಕೆಲವು ವರ್ಷಗಳಿಂದ ಡೆಮೊಗಳನ್ನು ಆಡುತ್ತ ಬಂದಿರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ವಿಚಿತ್ರ ಎಂಬ ಮಾತಿನಲ್ಲಿ ನಾವು ಎರಡು ಬೇರೆ ಬೇರೆ ಗುಣಗಳನ್ನು ಒಟ್ಟಿಗೆ ಸೇರಿಸಿಬಿಡುತ್ತೇವೆ. ಒಂದು, ಕಣ್ಣಿಗೆ ಕಾಣುವ ವಿಚಿತ್ರ: ನಾಯಕ ಕಪ್ಪೆಯಾಗಿರುತ್ತಾನೆ, ಊರು ಕಾಗದದಲ್ಲಿ ಕತ್ತರಿಸಿದಂತಿರುತ್ತದೆ, ಮಾತೆಲ್ಲ ಗೊರಕೆಯಂತೆ ಕೇಳಿಸುತ್ತದೆ. ಇನ್ನೊಂದು, ಆಟದ ನಿಯಮದಲ್ಲೇ ಇರುವ ವಿಚಿತ್ರ. ಹತ್ತು ನಿಮಿಷದಲ್ಲಿ ಸಿಕ್ಕುವುದು ಬಹುಮಟ್ಟಿಗೆ ಮೊದಲನೆಯದು ಮಾತ್ರ. ನೀವು ಆಟಕ್ಕೆ ಕೊಡುವ ಹಣ ಸಾರ್ಥಕವಾಗುವುದೋ ಇಲ್ಲವೋ ಎಂಬುದು ಎರಡನೆಯದರ ಮೇಲೆ ನಿಂತಿದೆ.

ಇದನ್ನು ನಾನು ಕಲಿತದ್ದು ಹಣ ಕಳೆದುಕೊಂಡು. ಕಾಗದದ ಗೊಂಬೆಗಳಂಥ ಚಿತ್ರಗಳಿದ್ದ ಒಂದು ಡೆಮೊ ಇಪ್ಪತ್ತು ನಿಮಿಷದಲ್ಲಿ ನನ್ನ ಮನಸ್ಸನ್ನು ಪೂರ್ತಿ ಸೆಳೆದಿತ್ತು. ಆಟ ಬಿಡುಗಡೆಯಾದ ರಾತ್ರಿಯೇ ಕೊಂಡೆ. ಡೆಮೊದಲ್ಲಿ ಮೂರು ಬಾಗಿಲಿಗೆ ಮೂರು ಕೀಲಿ ಹುಡುಕಿದ್ದೆ. ಪೂರ್ಣ ಆಟದಲ್ಲಿ ಮೂವತ್ತು ಬಾಗಿಲಿಗೆ ಮೂವತ್ತು ಕೀಲಿ ಹುಡುಕುವುದಿತ್ತು, ಅದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ಅಂದಿನಿಂದ ಡೆಮೊ ಮುಚ್ಚಿದ ಕೂಡಲೇ ಒಂದು ನೋಟ್‌ಬುಕ್ಕಿನಲ್ಲಿ ಒಂದೇ ವಾಕ್ಯ ಬರೆಯುತ್ತೇನೆ: ಈ ಹೊತ್ತಿನಲ್ಲಿ ನಾನು ಏನನ್ನು ನಿರ್ಧರಿಸಿದೆ? ನೋಡಿದ್ದನ್ನಲ್ಲ, ಮಾಡಿದ್ದನ್ನು ಬರೆಯಬೇಕು. ಆ ವಾಕ್ಯ ಸಲೀಸಾಗಿ ಬಂದರೆ ಡೆಮೊ ಉಳಿಯುತ್ತದೆ, ಚಿತ್ರದ ವರ್ಣನೆ ಮಾತ್ರ ಬಂದರೆ ಮುಂದೆ ಕೊಳ್ಳಲೆಂದು ಗುರುತಿಟ್ಟುಕೊಳ್ಳುವ ವಿಶ್‌ಲಿಸ್ಟಿಗೂ ಹಾಕುವುದಿಲ್ಲ.

ಬಲಾಟ್ರೊ ಆಟವನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. ಲೋಕಲ್‌ಥಂಕ್ ಎಂಬ ಗುಪ್ತನಾಮದ ಒಬ್ಬನೇ ವ್ಯಕ್ತಿ ರೂಪಿಸಿದ ಈ ಆಟ 2024ರ ಫೆಬ್ರವರಿಯಲ್ಲಿ ಬಿಡುಗಡೆಯಾಗಿ, ಒಂದು ತಿಂಗಳೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಅದಕ್ಕೆ ಮುಂಚೆಯೇ ಡೆಮೊ ಆಡಿದವರ ಬಾಯಿಂದ ಬಾಯಿಗೆ ಹೆಸರು ಹರಡಿತ್ತು. ಮೊದಲ ನೋಟಕ್ಕೆ ಹಳೆಯ ಟಿವಿಯ ಗೆರೆಗಳ ಹಿಂದೆ ಇಸ್ಪೀಟಿನ ಎಲೆಗಳು ಅಲುಗಾಡುತ್ತಿರುತ್ತವೆ, ಅಷ್ಟೆ. ಪೋಕರ್‌ನಂತೆ ಎಲೆಗಳನ್ನು ಹೊಂದಿಸಿ ಮೊದಲ ಸುತ್ತಿನಲ್ಲಿ 300 ಅಂಕ ಗಳಿಸಬೇಕು. ನನ್ನ ಕೈಯಲ್ಲಿ ಆಟೀನಿನ ರಾಜ, ಗುಲಾಮ, ಒಂಬತ್ತು, ಏಳು, ಎರಡು ಇದ್ದವು. ಒಂದೇ ಜಾತಿಯ ಐದು ಎಲೆಗೆ 35 ಚಿಪ್ಸ್, ಅದಕ್ಕೆ ಎಲೆಗಳ ಮೌಲ್ಯ 38 ಸೇರಿ 73, ಅದನ್ನು ನಾಲ್ಕರಿಂದ ಗುಣಿಸಿದರೆ 292. ಎಂಟು ಅಂಕ ಕಡಿಮೆ! ಮುಂದಿನ ಜೊತೆ ಎಲೆಯಿಂದ ಅದು ದಾಟಿತು. ಆಮೇಲೆ ತೆರೆದ ಅಂಗಡಿಯಲ್ಲಿ ಗುಣಕಕ್ಕೆ ನಾಲ್ಕು ಕೂಡಿಸುವ ಒಂದು ಜೋಕರ್ ಸಿಕ್ಕಿತು. ಈಗ ಅವೇ ಐದು ಎಲೆಗಳು ಬಂದರೆ 73ನ್ನು ಎಂಟರಿಂದ ಗುಣಿಸಿ 584. ಎರಡನೆಯ ಸುತ್ತಿಗೆ ಬೇಕಾಗಿದ್ದುದು 450 ಮಾತ್ರ. ನೋಟ್‌ಬುಕ್ಕಿನಲ್ಲಿ ಆ ರಾತ್ರಿ ಬರೆದ ವಾಕ್ಯ ಇದು: "ಎಲೆ ಬದಲಾಯಿಸಲೋ ಲೆಕ್ಕ ಬದಲಾಯಿಸಲೋ ಎಂದು ನಿರ್ಧರಿಸಿದೆ." ಆಟದ ವೈಶಿಷ್ಟ್ಯವೆಲ್ಲ ಅಷ್ಟರಲ್ಲೇ ಇತ್ತು. ಅಂದಹಾಗೆ, ಇದರಲ್ಲಿ ನಿಜವಾದ ಹಣ ಕಟ್ಟುವ ಪ್ರಶ್ನೆಯೇ ಬರುವುದಿಲ್ಲ. ಮನೆಯಲ್ಲಿ ಹಿರಿಯರು ಇಸ್ಪೀಟು ಕಂಡು ಗಾಬರಿಯಾದರೆ ಹಾಗೆಂದು ಧೈರ್ಯವಾಗಿ ಹೇಳಬಹುದು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರೂ ಗಂಜೀಫಾ ಎಂಬ ಹಳೆಯ ಕಾಲದ ಇಸ್ಪೀಟಿನ ಎಲೆಗಳ ಜಾತಿ ಮತ್ತು ಸಂಖ್ಯೆಗಳನ್ನು ಹೆಚ್ಚಿಸಿ ಹೊಸ ಹೊಸ ಆಟಗಳನ್ನು ಕಟ್ಟಿದ್ದರು; ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಅವುಗಳ ವಿವರವಿದೆ. ಎಲ್ಲರಿಗೂ ಗೊತ್ತಿರುವ ಎಲೆಯಾಟವನ್ನು ಹಿಡಿದು ಅದರ ಒಳಗಿನ ಲೆಕ್ಕವನ್ನು ಬದಲಿಸುವ ಆಸೆ ಈ ಊರಿಗೆ ಹೊಸದಲ್ಲ ಎಂಬುದು ನನಗೆ ನಿಜವಾಗಿಯೂ ಹೆಮ್ಮೆಯ ವಿಷಯ.

ಬಾಬಾ ಈಸ್ ಯೂ ಇದಕ್ಕಿಂತಲೂ ಒಳ್ಳೆಯ ಪಾಠ. ಫಿನ್ಲೆಂಡಿನ ಆರ್ವಿ ಟೆಯ್ಕಾರಿ ಕಡಿಮೆ ಅವಧಿಯಲ್ಲಿ ಆಟ ಕಟ್ಟುವ ಕೂಟವಾದ ನಾರ್ಡಿಕ್ ಗೇಮ್ ಜ್ಯಾಮ್‌ನಲ್ಲಿ 2017ರಲ್ಲಿ ಇದರ ಮೊದಲ ರೂಪವನ್ನು ಮಾಡಿದರು, ಪೂರ್ಣ ಆಟ 2019ರಲ್ಲಿ ಬಂದಿತು. ಪರದೆಯ ಮೇಲೆ ಮೊಲದಂಥ ಒಂದು ಬಿಳಿ ಪ್ರಾಣಿ, ಗೋಡೆ, ಬಂಡೆ, ಬಾವುಟ, ಎಲ್ಲವೂ ಮಕ್ಕಳು ಗೀಚಿದಂತೆ. ಜೊತೆಗೆ ಇಂಗ್ಲಿಷ್ ಪದಗಳ ಬಿಲ್ಲೆಗಳು: ಬಾಬಾ ಎಂದರೆ ನೀನು, ಗೋಡೆ ಎಂದರೆ ತಡೆ, ಬಾವುಟ ಎಂದರೆ ಗೆಲುವು ಎಂಬ ವಾಕ್ಯಗಳು. ಈ ಬಿಲ್ಲೆಗಳನ್ನೂ ತಳ್ಳಬಹುದೆಂದು ತಿಳಿಯುವವರೆಗೆ ಇದು ಸಾಧಾರಣ ಆಟ. ನನ್ನ ಅಕ್ಕನ ಮಗ ಗೋಡೆಯ ವಾಕ್ಯದ ನಡುವಿನ ಬಿಲ್ಲೆಯನ್ನು ಗೊತ್ತಿಲ್ಲದೆ ಪಕ್ಕಕ್ಕೆ ತಳ್ಳಿದ. ವಾಕ್ಯ ಮುರಿಯಿತು, ಬಾಬಾ ಗೋಡೆಯ ಮೂಲಕವೇ ನಡೆದುಹೋಯಿತು. ಹುಡುಗ ಕೀಲಿಮಣೆಯಿಂದ ಕೈ ತೆಗೆದು ನನ್ನ ಮುಖ ನೋಡಿದ. ಕನ್ನಡದಲ್ಲಿ "ಬಾಬಾ ನೀನು" ಎಂದರೆ ನಡುವೆ ಯಾವ ಪದವೂ ಬೇಕಾಗಿಲ್ಲವಾದ್ದರಿಂದ, ನಡುವಿನ ಆ "ಈಸ್" ಎಂಬ ಪುಟ್ಟ ಇಂಗ್ಲಿಷ್ ಪದವೇ ಇಡೀ ಆಟದ ಕೀಲು ಎಂಬುದು ನಮ್ಮಂಥವರಿಗೆ ತುಸು ತಡವಾಗಿ ಹೊಳೆಯುತ್ತದೆ. ಹತ್ತು ನಿಮಿಷಕ್ಕೆ ಮುಚ್ಚಿದ್ದರೆ ಆ ಕ್ಷಣ ನಮಗೆ ಸಿಗುತ್ತಲೇ ಇರಲಿಲ್ಲ.

ಆದ್ದರಿಂದ ನನ್ನ ಸಲಹೆ, ಪ್ರತಿ ಡೆಮೊಗೆ ಎರಡು ಸಲ ಕುಳಿತುಕೊಳ್ಳಿ, ಒಂದೇ ದಿನ ಬೇಡ. ಮೊದಲ ದಿನ ಅದರ ವೇಷ ನೋಡಿ ಮುಗಿಸಿ. ಎರಡನೆಯ ದಿನ ವೇಷ ಹಳೆಯದಾಗಿರುತ್ತದೆ, ಆಗ ನಿಮ್ಮ ಕೈ ಏನು ಮಾಡಲು ಬಯಸುತ್ತದೆ ಎಂಬುದನ್ನು ಗಮನಿಸಿ. ಇದಕ್ಕೆ ಹೊರತಾದ ಡೆಮೊಗಳೂ ಇವೆ. 2013ರಲ್ಲಿ ಬಂದ ಸ್ಟಾನ್ಲಿ ಪ್ಯಾರಬಲ್ ಆಟದ ಡೆಮೊದಲ್ಲಿ ಪೂರ್ಣ ಆಟದ ಒಂದು ಭಾಗವೂ ಇರಲಿಲ್ಲ. ಅದನ್ನು ಡೆಮೊಗೆಂದೇ ಬೇರೆಯಾಗಿ ಕಟ್ಟಿದ್ದರು. ಅಂಥದು ಅಪರೂಪ, ಸಿಕ್ಕರೆ ಅದನ್ನೇ ಒಂದು ಸಣ್ಣ ಕೃತಿಯೆಂದು ಆಡಿ.

ಇನ್ನು ನಿಮ್ಮ ಲ್ಯಾಪ್‌ಟಾಪ್. ನೀವು ಅಳಿಸಿದ ಆರರಲ್ಲಿ ಎರಡು "ತಡವರಿಸುತ್ತಿದ್ದವು" ಎಂದಿದ್ದೀರಿ. ಅದು ಆಟದ ದೋಷವೇ ಆಗಿರಬೇಕೆಂದಿಲ್ಲ. ಮೂರು ಆಯಾಮದ ಹಲವು ಆಟಗಳು ಮೊದಲ ಸಲ ತೆರೆದಾಗ ಶೇಡರ್‌ಗಳನ್ನು (ಬೆಳಕು, ಬಣ್ಣ ಮೂಡಿಸುವ ಸಣ್ಣ ಪ್ರೋಗ್ರಾಂಗಳನ್ನು) ಸಿದ್ಧಪಡಿಸಿಕೊಳ್ಳುತ್ತ ಕೆಲವು ನಿಮಿಷ ಎಡವುತ್ತವೆ, ಆಮೇಲೆ ಸರಿಹೋಗುತ್ತವೆ. ಕರೆಂಟು ಹೋಗಿದ್ದಾಗ ಬ್ಯಾಟರಿಯ ಮೇಲೆ ಆಡಿದ್ದರೆ ಆ ಅನುಭವವನ್ನು ಲೆಕ್ಕಕ್ಕೇ ಹಿಡಿಯಬೇಡಿ, ಏಕೆಂದರೆ ಲ್ಯಾಪ್‌ಟಾಪ್ ಆಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡಿರುತ್ತದೆ. ರೆಸಲ್ಯೂಶನ್ ಅನ್ನು 720ಕ್ಕೆ ಇಳಿಸಿ, ಫ್ರೇಮ್ ಮಿತಿಯನ್ನು ಸೆಕೆಂಡಿಗೆ 30ಕ್ಕೆ ಕಟ್ಟಿ, ಬ್ರೌಸರ್ ಮುಚ್ಚಿ ಮತ್ತೊಮ್ಮೆ ನೋಡಿ. ಮೇಲೆ ಹೇಳಿದ ಬಲಾಟ್ರೊ ಮತ್ತು ಬಾಬಾ ಎರಡೂ ನನ್ನ ಲ್ಯಾಪ್‌ಟಾಪ್‌ನಲ್ಲಿ ಫ್ಯಾನ್ ಸದ್ದಿಲ್ಲದೆ ನಡೆಯುತ್ತವೆ.

ಹಣದ ವಿಚಾರದಲ್ಲಿ, ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಕಾಗದದ ಗೊಂಬೆಗಳ ಆಟದಲ್ಲಿ ನಾನು ಮೂರು ಗಂಟೆ ಕಳೆದ ಮೇಲೆ ಈ ನಿಯಮ ನೆನಪಾಯಿತು. ಆದರೆ ಇಂಡಿ ಆಟಗಳಲ್ಲಿ ಎಷ್ಟೋ ಎರಡು ಗಂಟೆಯೊಳಗೇ ಮುಗಿಯುತ್ತವೆ. ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬವೊಂದರ ಅಡುಗೆಮನೆಯನ್ನು ತೋರಿಸುವ, 2023ರಲ್ಲಿ ಬಂದ ವೆಂಬಾ ಹಾಗಿನದು. ಹರಿದ ಅಡುಗೆ ಪುಸ್ತಕ ನೋಡಿಕೊಂಡು ಇಡ್ಲಿ ಬೇಯಿಸುವುದರಿಂದ ಅದು ಶುರುವಾಗುತ್ತದೆ. ಅಂಥ ಆಟವನ್ನು ಪೂರ್ತಿ ಆಡಿ ಮುಗಿಸಿ ಆಮೇಲೆ ಹಣ ಹಿಂದಕ್ಕೆ ಕೇಳುವುದು, ಊಟ ಮಾಡಿ ಎಲೆ ಎತ್ತಿದ ಮೇಲೆ ಬಿಲ್ಲು ಕೊಡುವುದಿಲ್ಲ ಎಂದಂತಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಉಳಿದ ಮೂರು ಡೆಮೊಗಳನ್ನು ಈ ವಾರ ಅಳಿಸದೆ, ಒಂದೊಂದನ್ನೂ ಇನ್ನೊಂದು ಸಲ ಅರ್ಧ ಗಂಟೆ ಆಡಿ. ಫೆಸ್ಟ್ ಮುಗಿದ ಮೇಲೆ ಕೆಲವರು ಡೆಮೊವನ್ನು ಹಿಂತೆಗೆದುಕೊಳ್ಳುತ್ತಾರೆ, ಆದ್ದರಿಂದ ತಡಮಾಡಬೇಡಿ. ಡೆಮೊದಲ್ಲಿ ಉಳಿಸಿದ ಪ್ರಗತಿ (ಸೇವ್) ಪೂರ್ಣ ಆಟಕ್ಕೆ ಬರುತ್ತದೆಯೇ ಎಂಬುದನ್ನು ಆಟದ ಪುಟದಲ್ಲಿ ಓದಿಕೊಳ್ಳಿ. ಆಡಿದ ಮೇಲೆ ಮೂರಕ್ಕೂ ಒಂದೊಂದು ವಾಕ್ಯ ಬರೆದು ಇಲ್ಲೇ ಕೆಳಗೆ ಹಾಕಿ. ನಾನೂ ಆ ಮೂರನ್ನು ಇಳಿಸಿಕೊಂಡು ಭಾನುವಾರ ಆಡಿ ನನ್ನ ವಾಕ್ಯಗಳನ್ನು ಬರೆಯುತ್ತೇನೆ.