ಭತ್ತದ ಸುಧಾರಿತ ಪದ್ಧತಿಯನ್ನು ತರಬೇತಿಗೆ ಹೋಗಿ ಕಲಿಯಬೇಕೇ, ಯೂಟ್ಯೂಬ್ ನೋಡಿದರೆ ಸಾಕೇ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಬೈಲಿನಲ್ಲಿ ತಂದೆಯವರ ಗದ್ದೆಯನ್ನು ವಹಿಸಿಕೊಂಡಿರುವ ನೀವು, ಈ ಮಳೆಗಾಲದ ಏಣಿಲು ಬೆಳೆಗೇ ‘ಶ್ರೀ’ (ಎಸ್ಆರ್ಐ) ಎಂಬ, ಕಡಿಮೆ ಬೀಜ, ಕಡಿಮೆ ನೀರಿನ ಪದ್ಧತಿಗೆ ಇಳಿಯಬೇಕೆಂದಿದ್ದೀರಿ, ಅದನ್ನು ಎಲ್ಲಿ ಕಲಿಯುವುದು ಲೇಸೆಂದು ಕೇಳಿದ್ದೀರಿ. ಎಣ್ಮಕಜೆಯಲ್ಲಿ ನಾನೂ ಹೀಗೆಯೇ ಇಳಿದವನು. ಎಕರೆಗೆ 2 ಕಿಲೋ ಬೀಜ, 8ರಿಂದ 12 ದಿನದ ಎಳೆಯ ನೇಜಿ (ನಾಟಿಯ ಸಸಿ), 25 ಸೆಂಟಿಮೀಟರ್ ಅಂತರದಲ್ಲಿ ಬುಡಕ್ಕೊಂದೇ ಸಸಿ, ನೀರು ನಿಲ್ಲಿಸದೆ ತೇವವನ್ನಷ್ಟೇ ಕಾಯುವುದು, ಕಳೆಯನ್ನು ತಳ್ಳಿಕೊಂಡು ಹೋಗುವ ಕೈಯಂತ್ರ ಕೋನೋವೀಡರ್‌ನಿಂದ ಮಣ್ಣಿಗೇ ಮಗುಚುವುದು, ಇವೆಲ್ಲ ತರಬೇತಿಯಲ್ಲಿ ನನಗೆ ಬಾಯಿಪಾಠವಾಗಿದ್ದವು.

ಆದರೆ ಪ್ರಾತ್ಯಕ್ಷಿಕೆಗೆಂದು ತೋರಿಸಿದ ಗದ್ದೆಯಲ್ಲಿ ನಾನು ಒಂದು ಬುಡದಿಂದ ಒಡೆದ ತೆಂಡೆಗಳನ್ನು ಎಣಿಸುತ್ತ ನಿಂತೆನೇ ಹೊರತು, ಅದು ಬೈಲಿಗಿಂತ ಎತ್ತರದ ಮಜಲು ಗದ್ದೆಯೆಂಬುದನ್ನಾಗಲಿ, ಹುಣಿ (ಗದ್ದೆಯ ಬದು) ಕಡಿದಲ್ಲಿಂದ ಅದರ ನೀರು ನೇರವಾಗಿ ತೋಡಿಗೆ (ಹಳ್ಳಕ್ಕೆ) ಇಳಿಯುತ್ತಿತ್ತೆಂಬುದನ್ನಾಗಲಿ ಗಮನಿಸಲಿಲ್ಲ. ನಮ್ಮದು ಬೈಲಿನ ತಗ್ಗಿನ ತುದಿ. ಮೇಲಿನವರ ನೀರೆಲ್ಲ ಗದ್ದೆಯಿಂದ ಗದ್ದೆಗೆ ದಾಟಿ ನಮ್ಮಲ್ಲಿಗೆ ಬರುತ್ತದೆ. ತೋಡು ತುಂಬಿದ ದಿನ ಅದಕ್ಕೆ ಹೊರದಾರಿಯಿಲ್ಲ. ನಾಟಿ ಮುಗಿದ ಬೆನ್ನಿಗೇ ಮಳೆ ಹಿಡಿಯಿತು. ಬೆರಳುದ್ದದ ಸಸಿಗಳು ಮುಳುಗಿ, ಎಲೆಗಳ ಮೇಲೆ ಕೆಸರು ಕುಳಿತು ಕೊಳೆತುಹೋದವು. ಪಕ್ಕದ ಗದ್ದೆಯಲ್ಲಿ ಕಯಮೆ ತಳಿಯ ಬಲಿತ ನೇಜಿ ನೀರಿನಿಂದ ಮೇಲಕ್ಕೆ ತಲೆಯೆತ್ತಿ ನಿಂತಿತ್ತು. ಹಿರಿಯರು ಬಲಿತ ನೇಜಿಯನ್ನೇ ಎರಡು ಮೂರು ಸೇರಿಸಿ ನೆಡುತ್ತಿದ್ದುದಕ್ಕೆ ಆ ತಗ್ಗಿನಲ್ಲಿ ತಕ್ಕ ಕಾರಣವಿತ್ತು. ಅದನ್ನು ಬರೀ ಹಳೆಯ ರೂಢಿಯೆಂದು ತಳ್ಳಿಹಾಕಿದ್ದರಿಂದ ಒಂದು ಇಡೀ ಬೆಳೆ ಕೈಬಿಟ್ಟಿತು.

ಹಾಗಾಗಿ ಎಲ್ಲಿ ಕಲಿಯಬೇಕೆಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಜೋರು ಮಳೆಯಲ್ಲಿ ಕೊಡೆ ಹಿಡಿದು ಹುಣಿಯ ಮೇಲೆ ನಡೆದು, ನೀರು ಯಾರ ಗದ್ದೆಯಿಂದ ಬರುತ್ತದೆ, ಎಲ್ಲಿ ಹೊರಬೀಳುತ್ತದೆ ಎಂದು ಮೊದಲು ನೋಡಿ. ಬೈಲಿನಲ್ಲಿ ಒಬ್ಬರೇ ಪದ್ಧತಿ ಬದಲಾಯಿಸಲಾಗದು. ನೀರು ಬಿಡುವ ದಿನವೂ ಯಂತ್ರ ಇಳಿಸುವ ದಾರಿಯೂ ನೆರೆಯವರ ಕೈಯಲ್ಲಿರುತ್ತವೆ. ಬೈಲಿನ ಭತ್ತದ ರೈತರ ಕೂಟವಾದ ಪಾಡಶೇಖರ ಸಮಿತಿಯ ಸಭೆಗೆ ತಪ್ಪದೆ ಹೋಗಿ. ಪಂಚಾಯತಿನ ಕೃಷಿ ಕಚೇರಿಯಾದ ಕೃಷಿ ಭವನದವರನ್ನಾಗಲಿ, ಕಾಸರಗೋಡಿನ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಆವರಣದ ಕೃಷಿ ವಿಜ್ಞಾನ ಕೇಂದ್ರದವರನ್ನಾಗಲಿ ನಿಮ್ಮ ಗದ್ದೆಗೇ ಬರಬೇಕೆಂದು ಕೇಳಿಕೊಳ್ಳಿ.

‘ಶ್ರೀ’ ನನಗೆ ಫಲಿಸಿದ್ದು ಮಳೆ ಇಳಿದ ಮೇಲೆ, ಎರಡನೆಯದಾದ ಸುಗ್ಗಿ ಬೆಳೆಯಲ್ಲಿ, ಎತ್ತರದ ಒಂದೇ ಗದ್ದೆಯಲ್ಲಿ. ಒಂದು ಗದ್ದೆಯ ಪ್ರಯೋಗವನ್ನು ಸಣ್ಣದೆಂದು ಎಣಿಸಬೇಡಿ. 2024ರಲ್ಲಿ ಪದ್ಮಶ್ರೀ ಸಂದ ನಮ್ಮ ಜಿಲ್ಲೆಯ ಸತ್ಯನಾರಾಯಣ ಬೇಲೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿರುವುದು ಚೀಲಗಳಲ್ಲಿ ಸಸಿ ಬೆಳೆಸಿಯೇ.

ಇಡೀ ಹಿಡುವಳಿಯಲ್ಲಿ ಈ ವರ್ಷವೇ ಏನಾದರೂ ಸುಧಾರಿಸಬೇಕೆಂದಿದ್ದರೆ ಸುಣ್ಣದಿಂದ ತೊಡಗಿ. ಮುರಕಲ್ಲಿನ ನಾಡಿನ ಹುಳಿ ಮಣ್ಣಿಗೆ, ಅದರಲ್ಲೂ ನಿಂತ ನೀರಿನ ಮೇಲೆ ಎಣ್ಣೆಯಂಥ ಕೆಂಪು ಕೆನೆ ಕಟ್ಟುವ ಗದ್ದೆಗಳಿಗೆ ಅದು ಬೇಕೇ ಬೇಕು. ಕೇರಳ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 600 ಕಿಲೋ: ಮೊದಲ ಉಳುಮೆಗೆ 350, ನಾಟಿಯಾಗಿ ತಿಂಗಳಾದ ಬಳಿಕ 250. ಸುಣ್ಣ ಹಾಕಿ ಒಂದು ವಾರ ಕಳೆಯದೆ ರಸಗೊಬ್ಬರ ಹಾಕಬೇಡಿ.