ತೆರಿಗೆ ಜೊತೆ ಕಟ್ಟುವ ಸಾಲಕ್ಕೆ ಮಾವನವರು ಸಹಿ ಹಾಕಬಹುದಾ?

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಕೌಂಟಿಯಲ್ಲಿ. ಮನೆ ಮಾವನವರ ಹೆಸರಿನಲ್ಲಿದೆ, ಅವರಿಗೆ 68 ವರ್ಷ. ಬ್ಯಾಂಕ್ ಸಾಲ ಇನ್ನೂ ಬಾಕಿ ಇದೆ. ಮೊನ್ನೆ ಒಬ್ಬ ಕಂಟ್ರಾಕ್ಟರ್ ಟ್ಯಾಬ್ ಹಿಡಿದು ಬಾಗಿಲಿಗೇ ಬಂದಿದ್ದ. ಹಳೇ ಎಸಿ ತೆಗೆದು ಹೊಸದು ಹಾಕೋದು, ಅಂಗಳದ ಹುಲ್ಲು ಕಿತ್ತು ಕಡಿಮೆ ನೀರಿನ ಗಿಡ ನೆಡೋದು, ಡ್ರಿಪ್ ಪೈಪು, ಎಲ್ಲ ಸೇರಿ 25,000 ಡಾಲರ್ ಅಂದ. "ಇದು ಸರ್ಕಾರದ ಪೇಸ್ ಯೋಜನೆ, ಈಗ ಏನೂ ಕೊಡಬೇಡಿ, ಮನೆ ತೆರಿಗೆ ಜೊತೆ ಕಟ್ಟಿದರಾಯ್ತು, ಮಾರಿದರೆ ಕೊಂಡವರು ಕಟ್ಟುತ್ತಾರೆ" ಅಂದ. ನಾಲ್ಕೈದು ವರ್ಷದಲ್ಲಿ ಮನೆ ಮಾರಿ ಮೈಸೂರಿಗೆ ವಾಪಸ್ ಹೋಗುವ ಯೋಚನೆ ಮಾವನವರಿಗಿದೆ. ಸಹಿ ಹಾಕಬಹುದಾ?

ಉತ್ತರ: ಬೇಡ. ನಿಮ್ಮ ಪರಿಸ್ಥಿತಿಯಲ್ಲಂತೂ ಬೇಡವೇ ಬೇಡ.

ಪೇಸ್ (PACE) ಅಂದರೆ ಮನೆಯಲ್ಲಿ ವಿದ್ಯುತ್, ನೀರು ಉಳಿಸುವ ಕೆಲಸಗಳಿಗೆ ಸಿಗುವ ಸಾಲ. ಯೋಜನೆಯ ಮೂಲ ಉದ್ದೇಶ ಒಳ್ಳೆಯದೇ. 2008ರಲ್ಲಿ ಬರ್ಕ್ಲಿ ನಗರ ಇದನ್ನು ಶುರು ಮಾಡಿತು. ಸೋಲಾರ್ ಹಾಕಿಸೋಕೆ ಒಂದೇ ಸಲ ಅಷ್ಟು ದುಡ್ಡು ಎಲ್ಲರ ಹತ್ರ ಇರಲ್ಲ, ಅಲ್ವಾ? ಅದಕ್ಕೆ ಸಾಲವನ್ನು ಮನುಷ್ಯನ ಮೇಲೆ ಹಾಕದೆ ಮನೆಯ ಮೇಲೆ ಹಾಕಿ, ತೆರಿಗೆ ಜೊತೆ ವರ್ಷ ವರ್ಷ ವಸೂಲಿ ಮಾಡೋಣ ಅಂತ ಹೊರಟರು. ಆದರೆ ನಿಮ್ಮ ಬಾಗಿಲಿಗೆ ಬಂದಿರುವುದನ್ನು ಸರ್ಕಾರ ಪುಕ್ಕಟೆ ಕೊಡ್ತಿದೆ ಅಂದುಕೊಳ್ಳಬೇಡಿ. ನಗರವೋ ಕೌಂಟಿಯೋ ಒಪ್ಪಿಗೆ ಕೊಟ್ಟಿರುತ್ತದೆ, ಸಾಲ ನಡೆಸುವುದು ಸಾಮಾನ್ಯವಾಗಿ ಖಾಸಗಿ ಕಂಪನಿ. ಬಡ್ಡಿಯೂ ಇರುತ್ತದೆ.

ಲೆಕ್ಕ ಹಾಕಿ ನೋಡೋಣ. 25,000 ಡಾಲರಿಗೆ 8% ಬಡ್ಡಿ, 20 ವರ್ಷ ಅಂತಿಟ್ಟುಕೊಳ್ಳಿ. ವರ್ಷಕ್ಕೆ ಸುಮಾರು 2,550 ಡಾಲರ್, ಕೊನೆಗೆ ಕಟ್ಟಿದ್ದು 51,000ದ ಹತ್ತಿರ. ನಿಮ್ಮ ತೆರಿಗೆ ಬಿಲ್ಲು ಎರಡು ಕಂತಿನಲ್ಲಿ ಬರುತ್ತದಲ್ಲ, ಡಿಸೆಂಬರ್ 10ರೊಳಗೆ ಒಂದು, ಏಪ್ರಿಲ್ 10ರೊಳಗೆ ಇನ್ನೊಂದು, ಎರಡಕ್ಕೂ ಸುಮಾರು 1,275 ಡಾಲರ್ ಸೇರಿಕೊಳ್ಳುತ್ತದೆ. ಬ್ಯಾಂಕೇ ತೆರಿಗೆ ಕಟ್ಟುವ ವ್ಯವಸ್ಥೆ ಇದ್ದರೆ ತಿಂಗಳ ಕಂತೇ ದಿಢೀರ್ ಏರುತ್ತದೆ. ನಿವೃತ್ತಿಯಾದವರಿಗೆ ಇದು ಸಣ್ಣ ಮೊತ್ತ ಅಲ್ಲ. ಕಟ್ಟದಿದ್ದರೆ ತೆರಿಗೆ ಬಾಕಿ ಇದ್ದ ಹಾಗೆ, ಮನೆಗೇ ಕುತ್ತು. ಗ್ರಾಹಕರಿಗೆ ಸಾಕಷ್ಟು ರಕ್ಷಣೆ ಕೊಡೋಕೆ ಆಗ್ತಿಲ್ಲ ಅಂತ ಲಾಸ್ ಏಂಜಲೀಸ್ ಕೌಂಟಿ ಮನೆಗಳಿಗೆ ಕೊಡುತ್ತಿದ್ದ ತನ್ನ ಪೇಸ್ ಯೋಜನೆಯನ್ನು 2020ರಲ್ಲಿ ನಿಲ್ಲಿಸಿಬಿಟ್ಟಿತು.

ಇನ್ನು "ಕೊಂಡವರು ಕಟ್ಟುತ್ತಾರೆ" ಅನ್ನೋ ಮಾತು. ಕಾಗದದ ಮೇಲೆ ಸರಿ, ವ್ಯವಹಾರದಲ್ಲಿ ನಡೆಯೋದು ಕಷ್ಟ. ಈ ಸಾಲ ವಸೂಲಿಯಲ್ಲಿ ಬ್ಯಾಂಕ್ ಸಾಲಕ್ಕಿಂತ ಮುಂದೆ ನಿಲ್ಲುತ್ತದೆ. ಬ್ಯಾಂಕುಗಳು ಕೊಟ್ಟ ಮನೆ ಸಾಲಗಳನ್ನು ಅವುಗಳಿಂದ ಕೊಂಡುಕೊಳ್ಳುವ ದೊಡ್ಡ ಸಂಸ್ಥೆಗಳು ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್. ಅದಕ್ಕೇ 2010ರಿಂದ ಇವು ಪೇಸ್ ಬಾಕಿ ಇರುವ ಮನೆಯ ಸಾಲ ಕೊಳ್ಳಲು ಒಪ್ಪುತ್ತಿಲ್ಲ. ಮನೆ ಸಾಲಗಳಿಗೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಎಚ್‌ಎ ಕೂಡ 2017ರ ಕೊನೆಗೆ ಅದೇ ದಾರಿ ಹಿಡಿಯಿತು. ಅಂದರೆ ಕೊಳ್ಳುವವರಿಗೆ ಸಾಲ ಸಿಗಬೇಕಾದರೆ ಮಾವನವರು ಬಾಕಿಯನ್ನೆಲ್ಲ ಮೊದಲೇ ತೀರಿಸಬೇಕಾಗುತ್ತದೆ. ಮೈಸೂರಿಗೆ ಅಂತ ಇಟ್ಟುಕೊಂಡ ದುಡ್ಡಿನಲ್ಲೇ ಅದು ಹೋಗುತ್ತದೆ.

ಎಸಿ ನಿಜಕ್ಕೂ ಹಾಳಾಗಿದ್ದರೆ ಎಸಿ ಮಾತ್ರ ಹಾಕಿಸಿ. ಮೂರು ಕಡೆ ದರ ಕೇಳಿ, ಕ್ರೆಡಿಟ್ ಯೂನಿಯನ್ನಿನಲ್ಲಿ (ನಮ್ಮ ಸಹಕಾರಿ ಬ್ಯಾಂಕಿನ ಥರದ್ದು) ಸಾಲದ ಬಡ್ಡಿ ಎಷ್ಟು ಅಂತ ವಿಚಾರಿಸಿ. ಹುಲ್ಲು ಕೀಳೋಕಂತೂ ಸಾಲವೇ ಯಾಕೆ? ದಕ್ಷಿಣ ಕ್ಯಾಲಿಫೋರ್ನಿಯಾದ ನೀರು ಸಂಸ್ಥೆಗಳು ಇದಕ್ಕೆ ತಾವೇ ರಿಬೇಟ್ ಕೊಡುತ್ತಾ ಬಂದಿವೆ, ಹಲವು ಕಡೆ ಚದರಡಿಗೆ 2 ಡಾಲರ್ ಲೆಕ್ಕದಲ್ಲಿ. ಆದರೆ ಒಂದು ಷರತ್ತು: ಹುಲ್ಲಿಗೆ ಕೈ ಹಾಕುವ ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಕಿತ್ತಮೇಲೆ ಕೇಳಿದರೆ ಸಿಗಲ್ಲ.

ಇನ್ನೊಂದು ವಿಷಯ. ಮಾತುಕತೆ ಬೇರೆ ಭಾಷೆಯಲ್ಲಿ ನಡೆದರೆ ಕರಾರನ್ನೂ ಅದೇ ಭಾಷೆಯಲ್ಲಿ ಕೊಡಬೇಕು ಅನ್ನುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿದೆ. ಅದರ ಪಟ್ಟಿಯಲ್ಲಿ ಸ್ಪ್ಯಾನಿಷ್, ಚೈನೀಸ್, ಟಾಗಲಾಗ್, ವಿಯೆಟ್ನಾಮೀಸ್, ಕೊರಿಯನ್ ಇವೆ, ಕನ್ನಡ ಇಲ್ಲ. ಹಾಗಾಗಿ ಮಾವನವರು ಒಬ್ಬರೇ ಟ್ಯಾಬ್ ಮೇಲೆ ಬೆರಳಾಡಿಸದಂತೆ ನೋಡಿಕೊಳ್ಳಿ. ಇಂಗ್ಲಿಷ್ ಕಾಗದ ಪ್ರಿಂಟ್ ತೆಗೆಸಿ, ಪಕ್ಕದಲ್ಲಿ ಕೂತು ಓದಿ ಹೇಳಿ. ಸಹಿ ಈಗಾಗಲೇ ಆಗಿಹೋಗಿದ್ದರೂ ಗಾಬರಿ ಬೇಡ. ಕರಾರು ರದ್ದು ಮಾಡಲು ಸಾಮಾನ್ಯವಾಗಿ 3 ಕೆಲಸದ ದಿನ ಇರುತ್ತದೆ, 65 ದಾಟಿದವರಿಗೆ 5. ಫೋನಿನಲ್ಲಿ ಹೇಳಿ ಸುಮ್ನಾಗಬೇಡಿ, ಬರೆದು ಕಳಿಸಿ, ಪ್ರತಿ ಇಟ್ಟುಕೊಳ್ಳಿ.